ಲಾಂಛನದ ಜೀರ್ಣೋದ್ಧಾರ

ಮಾನವನು ತಾನು ನಿರ್ಮಿಸಿದುದಕ್ಕೆ ಒಂದು ಗುರುತನ್ನಿಡದೆ ಇರಲಾರನು. ಅರಸನು ತನ್ನ ಶಾಸನಕ್ಕೆ ಮುದ್ರೆಯನ್ನೊತ್ತಿದನು. ಟಂಕಸಾಲೆಯು ನಾಣ್ಯದ ಮೇಲೆ ಚಿಹ್ನೆಯನ್ನು ಮೂಡಿಸಿತು. ಹೊಯ್ಸಳರ ಕಾಲದ ಶಿಲ್ಪಿಗಳಲ್ಲಿ ಅನೇಕರು ತಾವು ಕಡೆದ ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿದರು. ಇಪ್ಪತ್ತನೆಯ ಶತಮಾನದ ಯಂತ್ರಶಿಲ್ಪವೂ ಈ ಪದ್ಧತಿಯನ್ನು ಬಿಡಲಿಲ್ಲ. ಮೋಟಾರು ಕಾರಿನ ಮುಂಭಾಗದಲ್ಲಿ, ಮನುಷ್ಯನಿಗೆ ಹಣೆಯಿರುವಂತಹ ಎಡೆಯಲ್ಲಿ, ಅದನ್ನು ನಿರ್ಮಿಸಿದ ಸಂಸ್ಥೆಯ ಲಾಂಛನವು ಬಣ್ಣಬಣ್ಣವಾಗಿ ಶೋಭಿಸುತ್ತದೆ. ಅರ್ಧಶತಮಾನವೋ ಮುಕ್ಕಾಲು ಶತಮಾನವೋ ಕಳೆದ ಮೇಲೆ ಕಾರು ಉಳಿದಿದ್ದರೂ ಲಾಂಛನದ ಬಣ್ಣ ಉಳಿದಿರುವುದಿಲ್ಲ. ಆಗ ಹಳೆಯ ಕಾರುಗಳನ್ನು ಪ್ರೀತಿಯಿಂದ ಕಾಪಾಡುವವರ ಮುಂದೆ ಒಂದು ಪ್ರಶ್ನೆ ಉದ್ಭವಿಸುತ್ತದೆ: ಸವೆದ ಈ ಲಾಂಛನಕ್ಕೆ ಕೈಯಿಂದ ಮತ್ತೆ ಬಣ್ಣ ತುಂಬುವುದು ಸರಿಯೇ?

ಪ್ರಶ್ನೆಯು ಅಲ್ಪವಾದುದೆಂದು ವಾಚಕರಿಗೆ ತೋರಬಹುದು. ಆದರೆ ಅಂಗೈಯಗಲದ ಆ ತಗಡಿನಲ್ಲಿ ಸತ್ಯಕ್ಕೂ ಸೌಂದರ್ಯಕ್ಕೂ ಇರುವ ಸಂಬಂಧದ ಪ್ರಶ್ನೆಯೇ ಅಡಗಿದೆ. ‘ಲಾಂಛನ’ ಎಂಬ ಶಬ್ದವನ್ನೇ ನೋಡಿರಿ. ಸಂಸ್ಕೃತದಲ್ಲಿ ಅದಕ್ಕೆ ಗುರುತು ಎಂಬ ಅರ್ಥವೂ ಉಂಟು, ಕಲೆ ಅಥವಾ ಕಳಂಕವೆಂಬ ಅರ್ಥವೂ ಉಂಟು. ಚಂದ್ರನನ್ನು ಶಶಲಾಂಛನನೆಂದು ಕರೆಯುವಾಗ ಅವನ ಮೈಯ ಕಲೆಯೇ ಅವನ ಗುರುತಾಗುತ್ತದೆ. ನಿರ್ಮಾಪಕನು ಇಟ್ಟ ಗುರುತೊಂದು, ಕಾಲವು ಇಟ್ಟ ಗುರುತು ಮತ್ತೊಂದು. ಕುಂಚವನ್ನು ಹಿಡಿದವನು ಮೊದಲನೆಯದನ್ನು ಉಳಿಸಹೋಗಿ ಎರಡನೆಯದನ್ನು ಅಳಿಸುತ್ತಾನೆ. ಇದೇ ಇಲ್ಲಿಯ ಧರ್ಮಸಂಕಟ.

ಮೊದಲು ಕೆಲಸದ ಸ್ವರೂಪವನ್ನು ಅರಿಯುವುದು ಅವಶ್ಯಕ. ಹಳೆಯ ಲಾಂಛನಗಳು ಸ್ಥೂಲವಾಗಿ ಮೂರು ಬಗೆಯವು. ಒಂದು, ನಿಜವಾದ ಎನಾಮೆಲಿನದು. ತಾಮ್ರ, ಹಿತ್ತಾಳೆ ಅಥವಾ ಬೆಳ್ಳಿಯ ತಗಡಿನ ತಗ್ಗುಗಳಲ್ಲಿ ಬಣ್ಣದ ಗಾಜಿನ ಪುಡಿಯನ್ನು ತುಂಬಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಬೆಸೆದುದು. ನಮ್ಮ ದೇಶದ ಮೀನಾಕಾರಿ ಕೆಲಸದ ಸೋದರ. ಎರಡನೆಯದು, ಎರಕದ ಸತುವಿಗೆ ಕ್ರೋಮ್ ಲೇಪಿಸಿ, ತಗ್ಗುಗಳಲ್ಲಿ ಸಾಮಾನ್ಯ ಬಣ್ಣವನ್ನು ತುಂಬಿದುದು. ಮೂರನೆಯದು, ಪಾರದರ್ಶಕ ಪ್ಲಾಸ್ಟಿಕ್ಕಿನ ಹಿಂಬದಿಯಿಂದ ಬಣ್ಣ ಬಳಿದುದು. ಈ ಬಣ್ಣಗಳು ಹಾಳಾಗಲು ಬಿಸಿಲು, ಮಳೆ, ರಸ್ತೆಯ ಕಲ್ಲುಹರಳು ಇವಷ್ಟೇ ಕಾರಣವಲ್ಲ. ಒಡೆಯನು ವಾರವಾರವೂ ಅಕ್ಕರೆಯಿಂದ ಪಾಲಿಷ್ ಹಚ್ಚಿ ಉಜ್ಜಿದ ಬಟ್ಟೆಯೂ ಒಂದು ಕಾರಣ. ಪ್ರೀತಿಸಿದ ಕೈಯೇ ಬಣ್ಣವನ್ನು ಸವೆಸಿದೆ. ಆದುದರಿಂದ ಸವೆತವೆಲ್ಲವೂ ಅಲಕ್ಷ್ಯದ ಫಲವೆಂದು ತಿಳಿಯುವುದು ಸರಿಯಲ್ಲ. ಅದು ಒಮ್ಮೊಮ್ಮೆ ಸೇವೆಯ ದಾಖಲೆಯೂ ಆಗಿರುತ್ತದೆ.

ಬಣ್ಣ ತುಂಬುವವನು ಮೊದಲು ಸಾಬೂನು ನೀರಿನಿಂದ ಕೊಳೆಯನ್ನು ತೊಳೆಯುತ್ತಾನೆ. ಸಡಿಲವಾದ ಹಳೆಯ ಬಣ್ಣವನ್ನು ಲೋಹಕ್ಕೆ ಗೀರು ಬೀಳದಂತೆ ಮರದ ಕಡ್ಡಿಯಿಂದ ಬಿಡಿಸುತ್ತಾನೆ. ಜಿಡ್ಡು ಪೂರ್ತಿಯಾಗಿ ಹೋದ ಮೇಲೆ, ಕೆಲವೇ ಕೂದಲುಗಳ ಕುಂಚದ ತುದಿಯಿಂದ ತೆಳುವಾದ ಬಣ್ಣವನ್ನು ತಗ್ಗಿನೊಳಗೆ ಬಿಡುತ್ತಾನೆ. ದ್ರವವು ತನ್ನ ಸ್ವಭಾವದಿಂದಲೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. ಏರಿದ ಅಕ್ಷರಗಳ ಮೇಲೆ ಸೋಂಕಿದ ಬಣ್ಣವನ್ನು, ಚಪ್ಪಟೆಯಾದ ಮರದ ತುಂಡಿಗೆ ಬಿಗಿದ ಬಟ್ಟೆಗೆ ತುಸು ಥಿನ್ನರ್ ಸೋಕಿಸಿ ಒರೆಸುತ್ತಾನೆ. ಒಂದು ಲೇಪ ಒಣಗುವವರೆಗೆ ಧೂಳು ಬೀಳದಂತೆ ಕಾಯುತ್ತಾನೆ. ಅನಂತರ ಮತ್ತೊಂದು ಲೇಪ. ಅವಸರಪಟ್ಟವನಿಗೆ ಈ ವಿದ್ಯೆ ಒಲಿಯದು. ಕೈಯ ನಡುಕ, ಮನಸ್ಸಿನ ಚಾಂಚಲ್ಯ, ಉಸಿರಿನ ಏರಿಳಿತ ಎಲ್ಲವೂ ಆ ಗೆರೆಯಲ್ಲಿ ಕಾಣಿಸಿಕೊಳ್ಳುತ್ತವೆ. ಇಷ್ಟು ಏಕಾಗ್ರತೆಯಿಂದ ಮಾಡುವ ಕೆಲಸದಲ್ಲಿ ದೋಷವೆಲ್ಲಿಂದ ಬಂದೀತು ಎಂದು ಕೇಳಬಹುದು. ಆದರೆ ಏಕಾಗ್ರತೆಯೇ ಧರ್ಮವಲ್ಲ. ಖೋಟಾ ನಾಣ್ಯ ಮಾಡುವವನೂ ಏಕಾಗ್ರಚಿತ್ತನೇ.

ಇಲ್ಲಿ ಒಂದು ಪೂರ್ವಪಕ್ಷವಿದೆ. ಕಾರಿನ ಭಾಗಗಳೆಲ್ಲವೂ ಕಾಲಕಾಲಕ್ಕೆ ಬದಲಾಗುತ್ತಿರುವಾಗ ಬಣ್ಣವೊಂದಕ್ಕೆ ಇಷ್ಟು ವಿಚಾರವೇಕೆ ಎಂಬುದೇ ಅದು. ಪ್ರಶ್ನೆ ಹಳೆಯದು. ಪಾಳಿ ಗ್ರಂಥವಾದ ‘ಮಿಲಿಂದಪಞ್ಹ’ದಲ್ಲಿ ಭಿಕ್ಷು ನಾಗಸೇನನು ಯವನರಾಜ ಮಿಲಿಂದನನ್ನು ಕೇಳುತ್ತಾನೆ: ರಥವೆಂದರೆ ಅಚ್ಚೇ, ಗಾಲಿಯೇ, ನೊಗವೇ? ಯಾವುದೂ ಅಲ್ಲವೆಂದು ಅರಸನು ಒಪ್ಪುತ್ತಾನೆ. ಭಾಗಗಳ ಸಮುದಾಯಕ್ಕೆ ವ್ಯವಹಾರದಲ್ಲಿಟ್ಟ ಹೆಸರೇ ರಥವೆಂಬ ತೀರ್ಮಾನಕ್ಕೆ ಬರುತ್ತಾನೆ. ಗ್ರೀಕರಲ್ಲಿ ಪ್ಲೂಟಾರ್ಕನು ಥೀಸಿಯಸನ ಹಡಗಿನ ವಿಷಯವಾಗಿ ಇಂತಹುದೇ ವಾದವನ್ನು ದಾಖಲಿಸಿದ್ದಾನೆ: ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಜೋಡಿಸುತ್ತ ಹೋದರೆ ಹಡಗು ಅದೇ ಹಡಗೇ?

ಈ ವಾದವು ನಮ್ಮ ಕಾಲದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು ಫ್ರಾನ್ಸಿನ ಲೆಮಾನ್ಸ್ ಪಂದ್ಯವನ್ನು 1929 ಮತ್ತು 1930ರಲ್ಲಿ ಗೆದ್ದಿತ್ತು. ದಶಕಗಳ ತರುವಾಯ ಒಂದು ಕೋಟಿ ಪೌಂಡುಗಳಿಗೆ ಅದರ ಮಾರಾಟದ ಒಪ್ಪಂದವಾಯಿತು. ಆದರೆ ಕೊಳ್ಳುವವರು, ಇದರಲ್ಲಿ 1929ರ ಭಾಗಗಳು ಬಹುತೇಕ ಉಳಿದಿಲ್ಲ, ಇದು ಆ ಕಾರೇ ಅಲ್ಲ ಎಂದು ತಕರಾರು ತೆಗೆದರು. 1990ರಲ್ಲಿ ಇಂಗ್ಲೆಂಡಿನ ನ್ಯಾಯಮೂರ್ತಿ ಆಟನ್ ಅವರು, ಭಾಗಗಳು ಬದಲಾದರೂ ಕಾರಿನ ಚರಿತ್ರೆಯು ಎಲ್ಲಿಯೂ ಕಡಿಯದೆ ಮುಂದುವರಿದಿರುವುದರಿಂದ ಇದು ಅದೇ ಕಾರೆಂದು ತೀರ್ಪಿತ್ತರು. ‘ಅಂದು ಕಂಡವನೇ ಇವನು’ ಎಂದು ಗುರುತಿಸುವ ಜ್ಞಾನವನ್ನು ನಮ್ಮ ದಾರ್ಶನಿಕರು ಪ್ರತ್ಯಭಿಜ್ಞೆಯೆಂದು ಕರೆದರು. ಅಂದಿನ ದೇಹ ಇಂದಿಲ್ಲ. ಆದರೂ ವ್ಯಕ್ತಿ ಅವನೇ. ನ್ಯಾಯಮೂರ್ತಿಗಳು ಕಾರಿಗೂ ಅದೇ ನ್ಯಾಯವನ್ನು ಅನ್ವಯಿಸಿದರೆನ್ನಬಹುದು.

ಹಾಗಾದರೆ ಬಣ್ಣ ಹೊಸದಾದರೆ ಬಾಧಕವಿಲ್ಲವೆಂದಾಯಿತಲ್ಲವೇ? ಅಲ್ಲ. ಗಾಲಿಗೂ ಲಾಂಛನಕ್ಕೂ ಒಂದು ಮುಖ್ಯ ಭೇದವಿದೆ. ಗಾಲಿಯು ಹೊರುತ್ತದೆ, ಲಾಂಛನವು ನುಡಿಯುತ್ತದೆ. ಹೊಸ ಗಾಲಿ ಹಾಕಿದರೆ ಅದು ಕಾರನ್ನು ಹೊರುವುದಷ್ಟೇ, ಏನನ್ನೂ ಹೇಳುವುದಿಲ್ಲ. ಲಾಂಛನವಾದರೋ ‘ನಾನು ಇಂಥವರಿಂದ, ಇಂಥ ಕಾಲದಲ್ಲಿ ಹುಟ್ಟಿದೆನು’ ಎಂಬ ವಾಕ್ಯ. ನುಡಿಯುವ ವಸ್ತುವಿಗೆ ಮಾತ್ರ ಸುಳ್ಳಾಡುವ ಶಕ್ತಿಯುಂಟು.

ಇದಕ್ಕೆ ಎರಡು ನಿದರ್ಶನಗಳನ್ನು ನೋಡೋಣ. ರೋಲ್ಸ್ ರಾಯ್ಸ್ ಕಾರಿನ ಜೋಡಿ ಅಕ್ಷರಗಳು ಮೊದಲು ಕೆಂಪಾಗಿದ್ದು, 1930ರ ದಶಕದಲ್ಲಿ ಕಪ್ಪಾದವು. 1933ರಲ್ಲಿ ಹೆನ್ರಿ ರಾಯ್ಸ್ ಅವರು ನಿಧನರಾದುದಕ್ಕೆ ಇದು ಶೋಕಸೂಚಕವೆಂಬ ಜನಜನಿತ ಕಥೆಯೂ ಉಂಟು. ಕಥೆ ಹೇಗೇ ಇರಲಿ, ಕಪ್ಪು ಅಕ್ಷರಗಳಿಂದ ಹೊರಬಂದ ಕಾರಿಗೆ ಚೆಂದವೆಂದು ಕೆಂಪು ತುಂಬಿದರೆ ಅದು ಅಲಂಕಾರವಲ್ಲ, ಚರಿತ್ರೆಯ ತಿದ್ದುಪಡಿ. ಎರಡನೆಯ ನಿದರ್ಶನ ಅಮೆರಿಕದ್ದು. ಈಗ ನಿಂತುಹೋಗಿರುವ ಪಾಂಟಿಯಾಕ್ ಸಂಸ್ಥೆಯ 1964ರ ಜಿ.ಟಿ.ಓ. ಎಂಬುದು ಟೆಂಪೆಸ್ಟ್ ಲೆಮಾನ್ಸ್ ಎಂಬ ಸಾಮಾನ್ಯ ಕಾರಿಗೆ, ಕೇಳಿದವರಿಗೆ ಹೆಚ್ಚುವರಿ ಹಣಕ್ಕೆ, ದೊಡ್ಡ ಎಂಜಿನ್ ಮೊದಲಾದುವನ್ನು ಸೇರಿಸಿ ಕೊಟ್ಟ ರೂಪ. ಇಂದು ಜಿ.ಟಿ.ಓ.ಗೆ ಬೆಲೆ ಬಹಳ ಹೆಚ್ಚು. ಆದುದರಿಂದ ಸಾಮಾನ್ಯ ಲೆಮಾನ್ಸ್ ಕಾರಿಗೆ ಜಿ.ಟಿ.ಓ. ಲಾಂಛನವನ್ನಂಟಿಸಿ ಮಾರುವ ವಂಚನೆ ಹುಟ್ಟಿಕೊಂಡಿದೆ. ಅಲ್ಲಿ ಲಾಂಛನವು ಅಪ್ಪಟ ಹಳೆಯದೇ ಆಗಿರಬಹುದು, ಬಣ್ಣ ತುಂಬಿದ ಕೈ ನಿಪುಣವೇ ಆಗಿರಬಹುದು. ಆದರೂ ಅದು ನುಡಿಯುವ ಮಾತು ಸುಳ್ಳು. ಲಾಂಛನವು ಎಷ್ಟು ಹೊಳೆಯುತ್ತದೆ ಎಂಬುದಲ್ಲ, ಅದು ಯಾವುದರ ಮೇಲಿದೆ ಎಂಬುದೇ ಪ್ರಶ್ನೆ. ವಸ್ತುವಿಗೆ ಮಾತ್ರವಲ್ಲ, ವೇಷವನ್ನು ಧರಿಸಿದ ಮನುಷ್ಯನಿಗೂ ಈ ಮಾತು ಸಲ್ಲುತ್ತದೆಂಬುದನ್ನು ವಾಚಕರು ಬಲ್ಲರು.

ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರು ಈ ಧರ್ಮಸಂಕಟವನ್ನು ನಮಗಿಂತ ಮೊದಲೇ ಎದುರಿಸಿದ್ದಾರೆ. ಎರಡನೆಯ ಮಹಾಯುದ್ಧದ ಅನಂತರ ರೋಮ್ ನಗರದಲ್ಲಿ ಚೇಸರೆ ಬ್ರಾಂಡಿ ಎಂಬ ವಿದ್ವಾಂಸರ ನೇತೃತ್ವದಲ್ಲಿ ಒಂದು ಕ್ರಮ ರೂಪುಗೊಂಡಿತು. ಚಿತ್ರದಲ್ಲಿ ಬಣ್ಣ ಉದುರಿಹೋದ ಎಡೆಯನ್ನು ನವುರಾದ ಲಂಬಗೆರೆಗಳಿಂದ ತುಂಬುವುದು. ದೂರದಿಂದ ನೋಡಿದರೆ ಚಿತ್ರ ಅಖಂಡ. ಹತ್ತಿರ ಬಂದರೆ ಗೆರೆಗಳು ತಾವೇ ಹೊಸವೆಂದು ಒಪ್ಪಿಕೊಳ್ಳುತ್ತವೆ. ಸೌಂದರ್ಯಕ್ಕೂ ಭಂಗವಿಲ್ಲ, ಸತ್ಯಕ್ಕೂ ಭಂಗವಿಲ್ಲ. ಪ್ರಾಚೀನ ಸ್ಮಾರಕಗಳಿಗಾಗಿ 1964ರಲ್ಲಿ ವೆನಿಸ್ ನಗರದಲ್ಲಿ ರೂಪಿಸಿದ ಸನ್ನದು, ಊಹೆಯು ಆರಂಭವಾಗುವಲ್ಲಿ ಜೀರ್ಣೋದ್ಧಾರವು ನಿಲ್ಲಬೇಕೆಂದೂ, ಹೊಸದಾಗಿ ಸೇರಿದುದು ಹಳೆಯದರೊಡನೆ ಹೊಂದಿಕೊಂಡರೂ ಬೇರೆಯೆಂದು ತಿಳಿಯುವಂತಿರಬೇಕೆಂದೂ ವಿಧಿಸಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಸಂಸ್ಥೆಯು ಇದೇ ಭಾವವನ್ನು ಅನುಸರಿಸಿ, ವಾಹನಗಳಿಗಾಗಿಯೇ ಟ್ಯೂರಿನ್ ಸನ್ನದನ್ನು ಅಂಗೀಕರಿಸಿದೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ಕಂಡ ನಮ್ಮ ನಾಡಿನವರಿಗೂ ಈ ವಿಚಾರ ತೀರ ಪರಕೀಯವಲ್ಲ.

ಎರಡಂಗುಲದ ಲಾಂಛನದಲ್ಲಿ ಲಂಬಗೆರೆಗಳಿಗೆ ಅವಕಾಶವಿಲ್ಲ, ನಿಜ. ಆದರೆ ಆ ತತ್ತ್ವಕ್ಕೆ ಅವಕಾಶವುಂಟು. ನಾವು ಕಾಣುವಂತೆ ಕುಂಚ ಹಿಡಿಯುವವನಿಗೆ ನಾಲ್ಕು ಕಟ್ಟಳೆಗಳು.

ಮೊದಲನೆಯದು, ತಿಳಿದುದನ್ನು ಮಾತ್ರ ಬಳಿಯಬೇಕು. ಲಾಂಛನದ ಅಂಚಿನ ಕಟ್ಟಿನ ಅಡಿಯಲ್ಲಿ, ಬಿಸಿಲು ತಾಗದ ಸಂದಿಯಲ್ಲಿ, ಮೂಲ ಬಣ್ಣದ ಒಂದು ಕಣ ಅಡಗಿರುತ್ತದೆ. ಅದನ್ನು ಹುಡುಕಿ ಅದಕ್ಕೆ ಶರಣಾಗಬೇಕೇ ಹೊರತು ತನ್ನ ಅಭಿರುಚಿಗಲ್ಲ. ಎರಡನೆಯದು, ಹೋದುದನ್ನು ಮಾತ್ರ ತುಂಬಬೇಕು. ಒಂದು ಮೂಲೆ ಉದುರಿದ್ದರೆ ಆ ಮೂಲೆಗೆ ಮಾತ್ರ ಬಣ್ಣ. ಅದೂ ಉಳಿದ ಮಾಸಿದ ಬಣ್ಣಕ್ಕೆ ಹೊಂದುವಂತೆ. ಅಳಿದುಳಿದ ಹಳೆಯ ಬಣ್ಣವನ್ನು ಕೆರೆದೊಗೆದು ಎಲ್ಲವನ್ನೂ ಹೊಸತು ಮಾಡುವುದು ಕೊನೆಯ ಉಪಾಯವಾಗಿರಲಿ. ಮೂರನೆಯದು, ಮಾಡಿದ ಕೆಲಸವು ಮುಂದೆ ತೆಗೆಯಲು ಬರುವಂತಿರಬೇಕು. ಬಿರುಕುಬಿಟ್ಟ ಗಾಜಿನ ಎನಾಮೆಲನ್ನು ಕುಲುಮೆಗಿಟ್ಟು ಮತ್ತೆ ಕರಗಿಸುವುದು ದೊಡ್ಡ ವಿದ್ಯೆ. ಆದರೆ ಅದರಿಂದ ಹಳೆಯ ಮೇಲ್ಮೈ ಎಂದೆಂದಿಗೂ ನಾಶವಾಗುತ್ತದೆ. ಬಿರುಕಿಗೆ ತಣ್ಣನೆಯ ಬಣ್ಣವನ್ನು ತುಂಬುವುದು ಸಣ್ಣ ವಿದ್ಯೆ. ಆದರೆ ನಾಳೆ ಇನ್ನೂ ಬಲ್ಲವನೊಬ್ಬನು ಬಂದರೆ ಅದನ್ನು ತೆಗೆದು ಸರಿಪಡಿಸಬಲ್ಲನು. ತನಗಿಂತ ಬಲ್ಲವನು ಮುಂದೆ ಬರುವನೆಂಬ ವಿನಯವೇ ಇಲ್ಲಿ ಮೇಲು. ನಾಲ್ಕನೆಯದು, ಮಾಡಿದುದನ್ನು ಬರೆದಿಡಬೇಕು: ಮೊದಲಿನ ಸ್ಥಿತಿಯ ಛಾಯಾಚಿತ್ರ, ಬಳಸಿದ ಬಣ್ಣ, ದಿನಾಂಕ. ಲಂಬಗೆರೆಗಳು ಆಡಬೇಕಾದ ಮಾತನ್ನು ಈ ಕಾಗದವು ಆಡುತ್ತದೆ.

ಕಾರು ನನ್ನದು, ಮಾರುವ ಉದ್ದೇಶವಿಲ್ಲ, ನನ್ನ ಕಣ್ಣಿನ ಸಂತೋಷಕ್ಕಾಗಿ ಬಳಿದುಕೊಂಡರೆ ಯಾರಿಗೆ ಮೋಸ ಎಂದು ಕೇಳುವವರುಂಟು. ಒಡೆತನವು ಕಾಗದದಲ್ಲಿ ನಿಜ. ಆದರೆ ವಸ್ತುವಿನ ಆಯುಸ್ಸು ಒಡೆಯನ ಆಯುಸ್ಸಿಗಿಂತ ದೀರ್ಘ. ತೊಂಬತ್ತು ವರ್ಷದ ಕಾರಿಗೆ ನಾವು ನಾಲ್ಕನೆಯವರೋ ಐದನೆಯವರೋ. ನಮ್ಮ ತರುವಾಯವೂ ಒಬ್ಬರಿದ್ದಾರೆ. ಬರೆದಿಡದ ಕುಂಚದ ಕೆಲಸವು ನಮ್ಮ ಕಾಲದಲ್ಲಿ ನಿರುಪದ್ರವಿಯಾಗಿದ್ದು, ನಮ್ಮ ಮಗನ ಕಾಲದಲ್ಲಿ, ಆತನಿಗೆ ಅರಿವಿಲ್ಲದೆಯೇ, ಸುಳ್ಳು ಸಾಕ್ಷ್ಯವಾಗಿ ನಿಲ್ಲುತ್ತದೆ. ಸುಳ್ಳನ್ನು ನುಡಿಯದವನೂ ಸುಳ್ಳನ್ನು ಉಳಿಸಿ ಹೋಗಬಲ್ಲನೆಂಬುದು ಗಂಭೀರವಾಗಿ ಚಿಂತಿಸತಕ್ಕ ವಿಷಯ.

ಆದುದರಿಂದ ಸವೆದ ಲಾಂಛನಕ್ಕೆ ಬಣ್ಣ ತುಂಬುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರವಿಷ್ಟೆ: ಮಾತು ಅಸ್ಪಷ್ಟವಾದವನ ಮಾತನ್ನು ಸ್ಪಷ್ಟವಾಗಿ ಕೇಳಿಸುವುದು ಸೇವೆ, ಅವನ ಬಾಯಲ್ಲಿ ನಮ್ಮ ಮಾತನ್ನಿಡುವುದು ಅಪಚಾರ. ಸತ್ಯವಾದ ಗುರುತನ್ನು ಓದಿಸುವಷ್ಟು ಬಣ್ಣ ಧರ್ಮ. ಕಾಲದ ಗುರುತನ್ನು ಮುಚ್ಚಿ ಹುಸಿಯಾದ ಯೌವನವನ್ನು ಬರಿಸುವ ಬಣ್ಣ ಅಧರ್ಮ. ಪೂರ್ವಜರಿಂದ ಬಂದ ಯಾವ ವಸ್ತುವನ್ನೇ ಆಗಲಿ, ಮನೆಯ ಬಾಗಿಲುವಾಡವನ್ನೋ ಹಸ್ತಪ್ರತಿಯನ್ನೋ ಹಳೆಯ ಕಾರನ್ನೋ, ನವೀಕರಿಸಲು ಕೈ ಎತ್ತುವ ಮುನ್ನ ವಾಚಕರು ಒಂದು ಕ್ಷಣ ನಿಂತು, ನಾವು ಇದರ ಮಾತನ್ನು ಉಳಿಸುತ್ತಿದ್ದೇವೆಯೋ ಬದಲಿಸುತ್ತಿದ್ದೇವೆಯೋ ಎಂದು ತಮ್ಮನ್ನೇ ಕೇಳಿಕೊಳ್ಳಲಿ. ಆ ಪ್ರಶ್ನೆ ಮನಸ್ಸಿನಲ್ಲಿದ್ದರೆ ಕುಂಚವು ತಾನು ನಿಲ್ಲಬೇಕಾದ ಅಂಚಿನಲ್ಲಿ ನಿಲ್ಲುತ್ತದೆ.