ಲಾಂಛನವೂ ಸಮವಸ್ತ್ರವೂ



ಆವತಿಯ ಬೆಟ್ಟದ ಬುಡದಲ್ಲಿ ಭಕ್ತರೊಬ್ಬರ ಮನೆಯೊಳಗೆ ಈಚೆಗೆ ಶಿವಾನುಭವ ಗೋಷ್ಠಿ ನೆರೆದಿತ್ತು. ಅಷ್ಟಾವರಣಗಳಲ್ಲಿ ವಿಭೂತಿ, ರುದ್ರಾಕ್ಷಿಗಳ ಮಹಿಮೆಯನ್ನು ನಿರೂಪಿಸಿ ಮುಗಿಸುವಷ್ಟರಲ್ಲಿ, ಶಾಲೆಯೊಂದರ ಆಡಳಿತ ಮಂಡಳಿಯಲ್ಲಿರುವ ಆ ಮನೆಯ ಯಜಮಾನರು ಕೇಳಿದರು: "ಮೇಷ್ಟ್ರೇ, ಬರುವ ಜೂನ್ ತಿಂಗಳಿಗೆ ನಮ್ಮ ಶಾಲೆಯ ಸಮವಸ್ತ್ರದ ನಿಯಮ ಬರೆಯಬೇಕಾಗಿದೆ. ಊರಿನ ಇಬ್ಬರು ಮುಸಲ್ಮಾನ ಹೆಣ್ಣುಮಕ್ಕಳು ತಲೆಗೆ ವಸ್ತ್ರ ಕಟ್ಟಿಕೊಂಡು ಬರುತ್ತಾರೆ. ತರಗತಿಯಲ್ಲಿ ಅದು ಕೂಡದೆಂದು ಬರೆಯೋಣವೆಂದಿದ್ದೇವೆ. ವೇಷವನ್ನು ಶರಣರೇ ಖಂಡಿಸಿರುವರಲ್ಲವೆ?"

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹೊತ್ತಿದ ವಿವಾದವು, ಕೇಸರಿ ಶಾಲುಗಳ ಪ್ರತಿಭಟನೆಯಿಂದ ಬೆಳೆದು, 2022ರ ಫೆಬ್ರವರಿ 9ರಿಂದ ಮೂರು ದಿನ ರಾಜ್ಯದ ಪ್ರೌಢಶಾಲೆ ಕಾಲೇಜುಗಳನ್ನೇ ಮುಚ್ಚಿಸಿತು. ಮಾರ್ಚ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯದ ಪೂರ್ಣಪೀಠವು, ಹಿಜಾಬು ಇಸ್ಲಾಂ ಧರ್ಮದ ಅತ್ಯವಶ್ಯಕ ಆಚರಣೆಯಲ್ಲವೆಂದೂ ಸಮವಸ್ತ್ರದ ನಿಯಮ ಯುಕ್ತವಾದ ನಿರ್ಬಂಧವೆಂದೂ ತೀರ್ಪಿತ್ತಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಹೇಮಂತ ಗುಪ್ತರು ಆ ತೀರ್ಪನ್ನು ಎತ್ತಿಹಿಡಿದರು. ಸುಧಾಂಶು ಧೂಲಿಯಾ ಅವರು ಅದನ್ನು ತಳ್ಳಿಹಾಕಿದರು. ಬಲ್ಲವರಲ್ಲಿಯೇ ಭಿನ್ನಾಭಿಪ್ರಾಯವಿರುವಲ್ಲಿ ನನ್ನಂಥ ಪಾಠಶಾಲೆಯ ಉಪಾಧ್ಯಾಯನು ಕಾನೂನು ಹೇಳಹೊರಡುವುದು ಸಲ್ಲದು. ಆದರೆ ವಿವಾದದ ನಡುವೆ ಹೊರಟ 2022ರ ಫೆಬ್ರವರಿ 5ರ ಸರ್ಕಾರಿ ಆದೇಶವೇ ಖಾಸಗಿ ಶಾಲೆಗಳ ಸಮವಸ್ತ್ರವನ್ನು ಆಯಾ ಆಡಳಿತ ಮಂಡಳಿಗಳ ವಿವೇಕಕ್ಕೆ ಬಿಟ್ಟಿತ್ತು. ಆದುದರಿಂದ ಇಂಥ ಮಂಡಳಿಯಲ್ಲಿ ಕುಳಿತ ಲಿಂಗವಂತನಿಗೆ ಇದು ಕೇವಲ ನ್ಯಾಯಾಲಯದ ಮಾತಲ್ಲ, ಆಚಾರದ ಮಾತು.

ಸಮವಸ್ತ್ರದ ಪಕ್ಷವನ್ನು ನಾನು ಹಗುರಾಗಿ ಕಾಣುವವನಲ್ಲ. ಮಠದ ವಿದ್ಯಾರ್ಥಿನಿಲಯಕ್ಕೆ ಹೊಸದಾಗಿ ಸೇರಿದ ಹುಡುಗರನ್ನು ಮೂವತ್ತು ವರ್ಷಗಳಿಂದ ಕಂಡಿದ್ದೇನೆ. ಮೊದಲ ದಿನ ಜಮೀನುದಾರರ ಮಗನ ಅಂಗಿ ಬೇರೆ, ಕೂಲಿಯವನ ಮಗನ ತೇಪೆಯ ಅಂಗಿ ಬೇರೆ. ಪಂಕ್ತಿಯಲ್ಲಿ ಕುಳಿತಾಗಲೂ ಒಬ್ಬನು ಇನ್ನೊಬ್ಬನಿಂದ ಗೇಣುದ್ದ ಸರಿದೇ ಕೂರುತ್ತಾನೆ. ಬಿಳಿಯ ಅಂಗಿ ಕೊಟ್ಟ ಮರುದಿನ ಆ ಗೇಣು ಕಾಣಿಸುವುದಿಲ್ಲ. ಸಂಪತ್ತಿನ ಹೆಮ್ಮೆಯನ್ನೂ ಬಡತನದ ಸಂಕೋಚವನ್ನೂ ಮುಚ್ಚುವುದಕ್ಕಾಗಿ ಸಮವಸ್ತ್ರ ಹುಟ್ಟಿತು. ತಲೆಗೆ ವಸ್ತ್ರ ಕಟ್ಟಿದ ಹುಡುಗಿ ಇವೆರಡರಲ್ಲಿ ಯಾವುದನ್ನು ಮೆರೆಯುತ್ತಾಳೆ?

ಇನ್ನು ವೇಷದ ಮಾತು. ಆಚಾರವಿಲ್ಲದ ಲಾಂಛನವನ್ನು ಶರಣರು ಖಂಡಿಸಿದರೆಂಬುದು ನಿಜ. ಅಂಬಿಗರ ಚೌಡಯ್ಯನ ಮಾತಿನ ಪೆಟ್ಟು ಯಾರಿಗೆ ತಿಳಿಯದು? ಆದರೆ ಆ ಪೆಟ್ಟು ಬಿದ್ದುದು ತಮ್ಮವರ ಮೇಲೆಯೇ, ತಮ್ಮ ಲಾಂಛನವನ್ನೇ ಹೊಟ್ಟೆಪಾಡಿಗೆ ಮಾಡಿಕೊಂಡವರ ಮೇಲೆ. ಬದನೆಕಾಯಿಯನ್ನೇ ಲಿಂಗವೆಂದು ಕಟ್ಟಿಕೊಂಡು ಬಂದವರನ್ನೂ ಬಸವಣ್ಣನವರು ಭಕ್ತಿಯಿಂದ ಬರಮಾಡಿಕೊಂಡ ಕಥೆಯನ್ನು ಬಸವಪುರಾಣದಲ್ಲಿ ಓದುತ್ತೇವಷ್ಟೆ. ಉಟ್ಟ ವಸ್ತ್ರವನ್ನೇ ತೊರೆದು ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಪ್ರಭುದೇವರು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ಕೇಶದಿಂದ ಮೈ ಮರೆಮಾಡಿಕೊಂಡುದೇಕೆಂದೂ ಕೇಳಿದರು. ಪ್ರಶ್ನೆ ಉಂಟು, ಉತ್ತರ ಉಂಟು. ತಿದ್ದಿಕೊಂಡು ಬಾ ಎಂದು ಅನುಭವ ಮಂಟಪದ ಬಾಗಿಲು ಮುಚ್ಚಲಿಲ್ಲ.

ಇಲ್ಲಿ ನನ್ನ ಬಾಲ್ಯದ ಸಂಗತಿಯೊಂದನ್ನು ಹೇಳಬೇಕು. ನಾನು ಓದಿದ ಶಾಲೆಯೊಂದರಲ್ಲಿ ಕವಾಯತು ಮಾಡಿಸುವ ಉಪಾಧ್ಯಾಯರು ನನ್ನ ಹಣೆಯ ವಿಭೂತಿಯನ್ನು ನಲ್ಲಿಯ ಕೆಳಗೆ ತೊಳೆದುಕೊಂಡು ಬರಹೇಳಿದರು. ತೊಳೆದೆನು. ಸಾಲಿಗೆ ಹಿಂತಿರುಗುವಾಗ ನನ್ನ ಕೈ ತಾನಾಗಿಯೇ ಅಂಗಿಯ ಮೇಲಿಂದ ಕರಡಿಗೆಯನ್ನು ತಡವಿ ನೋಡಿತು. ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಇಷ್ಟಲಿಂಗವು ಅಂಗಿಯ ಒಳಗಿರುವುದರಿಂದ ನಮ್ಮ ಮಕ್ಕಳನ್ನು ಶಾಲೆಯ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಇದನ್ನು ನಾವು ನಮ್ಮ ಔದಾರ್ಯವೆಂದೂ ಹೊಂದಾಣಿಕೆಯೆಂದೂ ಭಾವಿಸುತ್ತೇವೆ. ಲಿಂಗವನ್ನು ತಲೆಯ ಮೇಲೆ ಧರಿಸುವ ಕ್ರಮವೇ ನಮ್ಮದಾಗಿದ್ದರೆ ಯಜಮಾನರು ಯಾವ ನಿಯಮ ಬರೆಯುತ್ತಿದ್ದರು? 2025ರ ಏಪ್ರಿಲ್‌ನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಬಂದ ವಿದ್ಯಾರ್ಥಿಗಳ ಜನಿವಾರವನ್ನು ಶಿವಮೊಗ್ಗ, ಬೀದರುಗಳಲ್ಲಿ ತೆಗೆಯಹೇಳಿದಾಗ ನಾಡೆಲ್ಲ ನೊಂದಿತು, ನೊಂದದ್ದು ಸರಿಯೇ. ಜನಿವಾರವನ್ನು ಬಾಲ್ಯದಲ್ಲಿಯೇ ಒಲ್ಲೆನೆಂದ ಬಸವಣ್ಣನವರ ಅನುಯಾಯಿಗಳಾದ ನಾವೂ ನೊಂದೆವು. ಆ ನೋವು ತಲೆವಸ್ತ್ರದ ಹುಡುಗಿಯ ಬಳಿಗೆ ಬಂದಾಗ ಏಕೆ ನಿಂತುಹೋಗಬೇಕು?

"ಅವಳು ತಾನಾಗಿ ಕಟ್ಟಿಕೊಂಡದ್ದಲ್ಲ, ಮನೆಯವರ ಬಲವಂತ" ಎಂದು ಗೋಷ್ಠಿಯಲ್ಲಿ ಒಬ್ಬರೆಂದರು. ಇರಬಹುದು. ನಮ್ಮ ತಾಯಂದಿರು ಹಿರಿಯರೆದುರಿನಲ್ಲಿ ತಲೆಯ ಮೇಲೆ ಸೆರಗು ಹೊದ್ದದ್ದರಲ್ಲಿ ಭಕ್ತಿ ಎಷ್ಟು, ಭಯ ಎಷ್ಟು ಎಂದು ತೂಗಿದವರುಂಟೆ? ಬಲವಂತವೇ ನಿಜವೆಂದಾದರೆ, ತನ್ನ ಬುದ್ಧಿಯಿಂದ ಬೇಕು ಬೇಡ ಎನ್ನುವ ಶಕ್ತಿ ಆ ಮಗುವಿಗೆ ಬರಬೇಕಾದದ್ದು ಶಾಲೆಯಲ್ಲಿ. ಬಾಗಿಲು ಮುಚ್ಚಿದರೆ ಬಲವಂತ ಮಾಡುವವರ ಕೈಗೇ ಅವಳನ್ನು ಒಪ್ಪಿಸಿದಂತಾಗುತ್ತದೆ. ಹೆಣ್ಣುಮಗುವಿನ ಓದು ನಿಂತರೆ ಅವಳ ಬಾಳು ಹಸನಾದೀತೆ ಎಂದು ನ್ಯಾಯಮೂರ್ತಿ ಧೂಲಿಯಾ ಅವರು ಕೇಳಿದ್ದೂ ಇದನ್ನೇ.

ಫ್ರಾನ್ಸ್ ದೇಶವು 2004ರಲ್ಲಿ ಎದ್ದುಕಾಣುವ ಧರ್ಮಚಿಹ್ನೆಗಳನ್ನೆಲ್ಲ ಸರ್ಕಾರಿ ಶಾಲೆಗಳಿಂದ ಹೊರಗಿಟ್ಟಿತು. ಇಂಗ್ಲೆಂಡಿನಲ್ಲಿ ಪೇಟದ ಕಾರಣ ಸಿಖ್ ಬಾಲಕನೊಬ್ಬನಿಗೆ ಪ್ರವೇಶ ನಿರಾಕರಿಸಿದ್ದು ತಪ್ಪೆಂದು 1983ರಲ್ಲಿ ತೀರ್ಪಾಯಿತು. ದೇಶಕ್ಕೊಂದು ರೀತಿ. ನಾನು ಯಜಮಾನರಿಗೆ ಹೇಳಿದ್ದು ಇಷ್ಟೆ: ಬಟ್ಟೆಯೂ ಬಣ್ಣವೂ ಶಾಲೆಯ ಅಧಿಕಾರ, ಸಮವಸ್ತ್ರದ ಬಣ್ಣದ ತಲೆವಸ್ತ್ರಕ್ಕೆ ಅಡ್ಡಿಯಿಲ್ಲವೆಂದು ಬರೆಯಿರಿ. ಕೇಂದ್ರೀಯ ವಿದ್ಯಾಲಯಗಳಲ್ಲಿ ಇಂಥ ಅವಕಾಶವಿತ್ತೆಂಬುದು ಇದೇ ವಿವಾದದಲ್ಲಿ ನ್ಯಾಯಾಲಯದ ಮುಂದೆ ಬಂದಿತು. ಮುಖ ಕಾಣಿಸುತ್ತಿರಲಿ, ಪರೀಕ್ಷೆಯ ದಿನ ತಪಾಸಣೆ ಬೇಕಾದರೆ ಉಪಾಧ್ಯಾಯಿನಿಯೊಬ್ಬರು ಒಳಕೋಣೆಯಲ್ಲಿ ನಡೆಸಲಿ. ನೆರೆಯವರನ್ನು ಕೆಣಕಲೆಂದು ಹೊದ್ದುಬರುವ ಶಾಲು ಯಾವ ಬಣ್ಣದ್ದಾದರೂ ಲಾಂಛನವಲ್ಲ, ಅದನ್ನು ಬಾಗಿಲಲ್ಲೇ ಬಿಡಿಸಿರಿ.

ಯಜಮಾನರು ಪೂರ್ತಿ ಒಪ್ಪಲಿಲ್ಲ. ಮಂಡಳಿಯಲ್ಲಿ ಉಳಿದವರೇನೆನ್ನುವರೋ ಎಂದರು. ಬಳಿಕ, "ಆ ಬಣ್ಣದ ಬಟ್ಟೆಯ ಖರ್ಚು ಯಾರದು ಮೇಷ್ಟ್ರೇ?" ಎಂದರು. ಅದಕ್ಕೆ ಉತ್ತರ ಬಂದದ್ದು ನನ್ನಿಂದಲ್ಲ. ಪ್ರಸಾದಕ್ಕೆ ಎಡೆಮಾಡುತ್ತಿದ್ದ ಅವರ ಧರ್ಮಪತ್ನಿಯವರು ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಳ್ಳುತ್ತ, "ಸಮವಸ್ತ್ರಕ್ಕೆ ತರುವ ಬಟ್ಟೆಯಲ್ಲೇ ಒಂದು ಗಜ ಹೆಚ್ಚಿಗೆ ತಂದರಾಯಿತು, ಇಬ್ಬರು ಮಕ್ಕಳಿಗೆ ಅದೆಷ್ಟಾದೀತು!" ಎಂದರು.