ತ್ಯಾಗ ಮಾಡಿದವರು ಯಾರು, ಒಪ್ಪಿಗೆ ಕೇಳಿದವರು ಯಾರು?



2006ರ ಡಿಸೆಂಬರ್ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಚಲನಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿರುತ್ತೀರಿ. ಚಿತ್ರಮಂದಿರದಲ್ಲಿ ನೋಡದವರು ಟಿ.ವಿ.ಯಲ್ಲಾದರೂ ನೋಡಿರುತ್ತೀರಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳು ಇನ್ನೂ ಕೋಲಾರ ಜಿಲ್ಲೆಗೆ ಸೇರಿದ್ದ ದಿನಗಳವು. ನಮ್ಮದೇ ಜಿಲ್ಲೆ ಆದದ್ದು ಮರುವರ್ಷ, 2007ರಲ್ಲಿ. ಅಂದು ಆ ಚಿತ್ರ ನೋಡಿ ಕಣ್ಣೊರೆಸಿಕೊಂಡ ಕಾಲೇಜು ಹುಡುಗ ಹುಡುಗಿಯರು ಇಂದು ತಂದೆತಾಯಿಗಳಾಗಿದ್ದಾರೆ. ಕೆಲವೇ ವರ್ಷಗಳಲ್ಲಿ ಅವರ ಮನೆಯಲ್ಲೂ ಹೆಣ್ಣು ನೋಡುವ, ಗಂಡು ಹುಡುಕುವ ಮಾತು ಬರಲಿದೆ. ಆದ್ದರಿಂದ ಆ ಕಥೆಯನ್ನು ಇನ್ನೊಮ್ಮೆ, ಈ ಸಾರಿ ಮದುಮಗಳ ಕಡೆಯಿಂದ ಯೋಚಿಸಿ ನೋಡೋಣ.

ಯೋಗರಾಜ್ ಭಟ್ಟರು ನಿರ್ದೇಶಿಸಿದ ಈ ಚಿತ್ರದ ಮೊದಲ ಭಾಗವೆಲ್ಲ ನಗೆ, ತುಂಟತನ, ಮದುವೆ ಮನೆಯ ಗಲಾಟೆ. ಪ್ರೀತಂ (ಗಣೇಶ್) ಬೆಂಗಳೂರಿನ ಮಾತುಗಾರ ಹುಡುಗ. ತಾಯಿಯ ಜೊತೆ ಮದುವೆಗೆಂದು ಮಡಿಕೇರಿಗೆ ಬರುತ್ತಾನೆ. ತಾನು ಒಮ್ಮೆ ಕಂಡು ಮನಸೋತಿದ್ದ ನಂದಿನಿಯೇ (ಪೂಜಾ ಗಾಂಧಿ) ಅಲ್ಲಿನ ಮದುಮಗಳು ಎಂದು ಅವನಿಗೆ ತಿಳಿಯುತ್ತದೆ. ಮಳೆಯಲ್ಲಿ ಸುತ್ತಾಡುತ್ತಾ, ಜಗಳವಾಡುತ್ತಾ, ನಗುತ್ತಾ ಅವಳ ಮನಸ್ಸೂ ಅವನ ಕಡೆಗೆ ತಿರುಗುತ್ತದೆ. ಮದುವೆಗೆ ಮೊದಲು ಅವನು ಅವಳ ತಂದೆ ಕರ್ನಲ್ ಸುಬ್ಬಯ್ಯನವರ (ಅನಂತ್ ನಾಗ್) ಬಳಿ ಹೆಣ್ಣು ಕೇಳಲು ಹೋಗುತ್ತಾನೆ. ಅವನು ಬಾಯಿ ಬಿಡುವ ಮೊದಲೇ, ಹೃದಯದ ಕಾಯಿಲೆಯಿದ್ದ ಆ ತಂದೆ ತಮ್ಮ ಅಳಲನ್ನು ತೋಡಿಕೊಳ್ಳುತ್ತಾರೆ. ಮಗಳ ಮದುವೆ ಸಾಂಗವಾಗಿ ಮುಗಿದರೆ ಸಾಕು, ಆ ಭಾರ ನಿನ್ನ ಮೇಲಿದೆ ಎಂದು ಅವನನ್ನೇ ಬೇಡಿಕೊಳ್ಳುತ್ತಾರೆ. ಪ್ರೀತಂ ಮರುಮಾತಾಡದೆ ಹೊರಗೆ ಬರುತ್ತಾನೆ. ಮದುಮಗ ಗೌತಮನ ಪ್ರಾಣ ಕಾಪಾಡಿ, ಅವನನ್ನು ಮದುವೆ ಮನೆಗೆ ತಲುಪಿಸಿ, ದೂರದಿಂದಲೇ ಮದುವೆ ನೋಡಿ ಹೊರಟು ಹೋಗುತ್ತಾನೆ.

ಎಂಥ ತ್ಯಾಗ ಎಂದು ನಾವೆಲ್ಲ ಹೇಳಿದೆವು. ಆದರೆ ಈ ತ್ಯಾಗವನ್ನು ಸ್ವಲ್ಪ ಬಿಡಿಸಿ ನೋಡಬೇಕು.

ತನ್ನದನ್ನು ಕೊಡುವುದು, ಇನ್ನೊಬ್ಬರದನ್ನು ಕೊಡುವುದು

ಮೊದಲು ಪ್ರೀತಂನಲ್ಲಿರುವ ಒಳ್ಳೆಯದನ್ನು ಒಪ್ಪಿಕೊಳ್ಳೋಣ. ಅವನು ಹುಡುಗಿಯನ್ನು ರಾತ್ರೋರಾತ್ರಿ ಓಡಿಸಿಕೊಂಡು ಹೋಗಲಿಲ್ಲ. ಉಪಚರಿಸಿದ ಮನೆಗೆ ದ್ರೋಹ ಬಗೆಯಲಿಲ್ಲ. ತನ್ನ ಸುಖಕ್ಕಿಂತ ಒಬ್ಬ ರೋಗಿಷ್ಠ ತಂದೆಯ ನೆಮ್ಮದಿ ದೊಡ್ಡದು ಎಂದುಕೊಂಡ. ಸಿಕ್ಕಿದ್ದನ್ನು ಕಿತ್ತುಕೊಳ್ಳುವುದೇ ಪ್ರೀತಿ ಎಂದು ಕಲಿಸುವ ಚಿತ್ರಗಳ ನಡುವೆ ಇದು ಸಣ್ಣ ಮಾತಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಂದು ಮಾತಾಡಿದವರು ಇಬ್ಬರು ಗಂಡಸರು. ಯಾರ ಬದುಕಿನ ಮಾತೋ ಅವಳು ಅಲ್ಲಿರಲಿಲ್ಲ. ಪ್ರೀತಂ ತನ್ನ ಆಸೆಯನ್ನು ಬಿಟ್ಟುಕೊಟ್ಟ, ಸರಿ. ಅದು ಅವನದು, ಬಿಟ್ಟುಕೊಡುವ ಹಕ್ಕು ಅವನಿಗಿತ್ತು. ಆದರೆ ಅದರ ಜೊತೆಗೆ ನಂದಿನಿ ತನ್ನ ತಂದೆಯ ಮುಂದೆ ನಿಜ ಹೇಳಬಹುದಾಗಿದ್ದ ಅವಕಾಶವೂ ಹೋಯಿತು. ಅದು ಅವನ ಸ್ವತ್ತಾಗಿರಲಿಲ್ಲ.

ಸೊಲೊಮೋನ್ ಅರಸನ ಮುಂದೆ ಬಂದ ಇಬ್ಬರು ತಾಯಂದಿರನ್ನು ನೆನಪು ಮಾಡಿಕೊಳ್ಳಿ. ಮಗುವನ್ನು ಸೀಳುವ ಮಾತು ಬಂದಾಗ ನಿಜವಾದ ತಾಯಿ ತನ್ನ ಹಕ್ಕನ್ನು ಬಿಟ್ಟು ಮಗುವಿನ ಪ್ರಾಣ ಉಳಿಸಿದಳು. ಅದು ನಿಜವಾದ ತ್ಯಾಗ. ಮಗುವಿಗೆ ಮಾತು ಬರುತ್ತಿರಲಿಲ್ಲ, ಅದರ ಪರವಾಗಿ ತಾಯಿ ನಿರ್ಧರಿಸಲೇಬೇಕಿತ್ತು. ನಂದಿನಿಯಾದರೋ ಮಗುವಲ್ಲ. ಅವಳಿಗೆ ಬಾಯಿ ಇತ್ತು, ಬುದ್ಧಿ ಇತ್ತು. ಅವಳನ್ನು ಮಗುವಿನಂತೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ ಅದನ್ನು ತ್ಯಾಗ ಎಂದು ಕರೆದರೆ, ತ್ಯಾಗ ಎಂಬ ಪವಿತ್ರವಾದ ಮಾತಿನ ಅರ್ಥ ಕೆಡುತ್ತದೆ.

ಇಲ್ಲಿ ಅನ್ಯಾಯವಾದ ಇನ್ನೊಬ್ಬನೂ ಇದ್ದಾನೆ. ಅವನೇ ಗೌತಮ. ತಾನು ಕೈಹಿಡಿಯುವವಳ ಮನಸ್ಸಿನಲ್ಲಿ ಏನಿದೆ ಎಂದು ಅವನಿಗೆ ಹೇಳಿದವರಿಲ್ಲ. ಚಿತ್ರ ಅಲ್ಲಿಗೆ ಮುಗಿಯುತ್ತದೆ, ಆದರೆ ಸಂಸಾರ ಶುರುವಾಗುವುದೇ ಅಲ್ಲಿಂದ.

ತಂದೆಯ ಮಾತು, ಮಗಳ ಬದುಕು

ಕರ್ನಲ್ ಸುಬ್ಬಯ್ಯನವರು ಕ್ರೂರಿಯಲ್ಲ. ಅವರು ಮಗಳಿಗೆ ಬೈಯಲಿಲ್ಲ, ಹೊಡೆಯಲಿಲ್ಲ. ಆದ್ದರಿಂದಲೇ ಅವರನ್ನು ನೋಡಿ ನಾವು ಎಚ್ಚರಗೊಳ್ಳಬೇಕು. ಬೆತ್ತ ಹಿಡಿದ ತಂದೆಯನ್ನು ಎದುರಿಸಿದ ಹೆಣ್ಣುಮಕ್ಕಳಿದ್ದಾರೆ. ಎದೆ ಹಿಡಿದುಕೊಂಡು ಕೂತ ತಂದೆಯನ್ನು ಎದುರಿಸುವುದು ಹೇಗೆ? ‘ನೀನು ಬೇಡವೆಂದರೆ ನಿಮ್ಮಪ್ಪ ಉಳಿಯುವುದಿಲ್ಲ’, ‘ಲಗ್ನಪತ್ರಿಕೆ ಹಂಚಿಯಾಗಿದೆ, ಛತ್ರಕ್ಕೆ ಮುಂಗಡ ಕೊಟ್ಟಾಗಿದೆ’, ‘ನಿನ್ನ ಹಿಂದೆ ತಂಗಿ ಇದ್ದಾಳೆ ಕಣಮ್ಮ’. ಇಂಥ ಮಾತುಗಳಲ್ಲಿ ಪ್ರೀತಿಯೂ ಇದೆ, ಹಗ್ಗವೂ ಇದೆ.

ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಫ್ತಾಹನ ಕಥೆ ಬರುತ್ತದೆ. ಯುದ್ಧದಲ್ಲಿ ಗೆದ್ದರೆ ಮನೆಯಿಂದ ಮೊದಲು ಎದುರು ಬಂದದ್ದನ್ನು ಬಲಿ ಕೊಡುತ್ತೇನೆಂದು ಅವನು ಹರಕೆ ಹೊತ್ತ. ಎದುರು ಬಂದವಳು ಒಬ್ಬಳೇ ಮಗಳು. ಮಾತು ಕೊಟ್ಟವನು ತಂದೆ, ಬೆಲೆ ತೆತ್ತವಳು ಮಗಳು. ಮಗಳು ಎದುರು ಮಾತಾಡದೆ ಒಪ್ಪಿದಳು ಎಂಬುದರಿಂದ ಆ ಹರಕೆ ಒಳ್ಳೆಯದಾಗಲಿಲ್ಲ. ‘ಮೌನಂ ಸಮ್ಮತಿ ಲಕ್ಷಣಂ’ ಎನ್ನುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಎಷ್ಟೋ ಸಲ ಮೌನ ಎಂದರೆ ಸೋಲು, ಅಷ್ಟೆ.

ಧರ್ಮಸಭೆ ಏನು ಹೇಳುತ್ತದೆ?

ಈ ವಿಷಯದಲ್ಲಿ ನಮ್ಮ ಧರ್ಮಸಭೆ ಎಷ್ಟು ಹಿಂದಿನಿಂದ ಸ್ಪಷ್ಟವಾಗಿದೆ ಎಂದು ತಿಳಿದರೆ ಆಶ್ಚರ್ಯವಾಗುತ್ತದೆ. ಕ್ರಿ.ಶ. 866ರಲ್ಲೇ ಜಗದ್ಗುರು ಒಂದನೇ ನಿಕೋಲಾಸರು ಬಲ್ಗೇರಿಯದ ಜನರಿಗೆ ಬರೆದ ಪತ್ರದಲ್ಲಿ, ಮದುವೆಗೆ ಬೇಕಾದದ್ದು ಆ ಇಬ್ಬರ ಒಪ್ಪಿಗೆ, ಅದಿಲ್ಲದಿದ್ದರೆ ಉಳಿದ ಶಾಸ್ತ್ರಗಳೆಲ್ಲ ವ್ಯರ್ಥ ಎಂದು ತಿಳಿಸಿದರು. ತಂದೆತಾಯಿಗೆ ವಿಧೇಯರಾಗಿರಬೇಕೆಂದು ಬೋಧಿಸಿದ ಸಂತ ತೋಮಾಸ್ ಅಕ್ವಿನಾಸರೇ, ಮದುವೆಯಾಗುವ ಅಥವಾ ಕನ್ಯಾವ್ರತದಲ್ಲಿ ಉಳಿಯುವ ವಿಷಯದಲ್ಲಿ ಮಾತ್ರ ಮಕ್ಕಳು ಹಾಗೆ ಬದ್ಧರಲ್ಲ ಎಂದರು. 1563ರಲ್ಲಿ ತ್ರೆಂತ್ ಮಹಾಸಭೆ ಮದುವೆಗೆ ಗುರು ಮತ್ತು ಸಾಕ್ಷಿಗಳು ಇರಲೇಬೇಕೆಂದು ವಿಧಿಸಿತು. ಆದರೆ ತಂದೆತಾಯಿಯ ಒಪ್ಪಿಗೆಯಿಲ್ಲದ ಮದುವೆ ಮದುವೆಯೇ ಅಲ್ಲ ಎಂಬ ವಾದವನ್ನು ತಿರಸ್ಕರಿಸಿತು. 1983ರ ಧರ್ಮಸಭೆಯ ಕಾನೂನಿನ 1057ನೇ ವಿಧಿಯಂತೆ ಆ ಇಬ್ಬರ ಒಪ್ಪಿಗೆಯೇ ಮದುವೆಯನ್ನು ಉಂಟುಮಾಡುತ್ತದೆ, ಅವರ ಪರವಾಗಿ ಅದನ್ನು ಕೊಡುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ಹೊರಗಿನ ಬಲಾತ್ಕಾರಕ್ಕೋ ತೀವ್ರ ಭಯಕ್ಕೋ ಸಿಕ್ಕಿ ಮಾಡಿಕೊಂಡ ಮದುವೆ ಅಸಿಂಧು ಎನ್ನುತ್ತದೆ 1103ನೇ ವಿಧಿ. ಭಯ ಹುಟ್ಟಿಸಿದವರಿಗೆ ಆ ಉದ್ದೇಶ ಇಲ್ಲದಿದ್ದರೂ ಸರಿಯೇ.

ಇದನ್ನು ಓದಿ ಕೆಲವು ತಂದೆತಾಯಿಗಳು ಕೇಳಬಹುದು: ‘ಹಾಗಾದರೆ ನಾವು ಸುಮ್ಮನೆ ಕೂರಬೇಕೆ ಫಾದರ್? ಒಂದು ವಾರ ಮಳೆಯಲ್ಲಿ ನೆನೆದ ಮಾತ್ರಕ್ಕೆ ಹುಟ್ಟಿದ ಪ್ರೀತಿಯನ್ನು ನಂಬಬೇಕೆ?’ ನ್ಯಾಯವಾದ ಪ್ರಶ್ನೆ. ಎಳೆಯ ಮನಸ್ಸು ತಪ್ಪಬಹುದು. ಹುಡುಗನ ಗುಣ, ಕುಡಿತ, ದುಡಿಮೆ, ಮನೆತನ ಇವನ್ನೆಲ್ಲ ವಿಚಾರಿಸುವುದು, ಎಚ್ಚರಿಸುವುದು, ಕಾದು ನೋಡು ಎನ್ನುವುದು ಹಿರಿಯರ ಕರ್ತವ್ಯ. ಆದರೆ ಸಲಹೆ ಕೊಡುವುದು ಬೇರೆ, ಅವರ ಬದಲು ತಾವೇ ‘ಹೂಂ’ ಎನ್ನುವುದು ಬೇರೆ. ಅಬ್ರಹಾಮನ ಸೇವಕ ಇಸಾಕನಿಗಾಗಿ ಹೆಣ್ಣು ಹುಡುಕಿ ಬಂದಾಗ ಮನೆಯ ಹಿರಿಯರು ಮಾತಾಡಿದರು, ಒಪ್ಪಿದರು, ಉಡುಗೊರೆಗಳೂ ಬಂದವು. ಆದರೂ ಕಳುಹಿಸುವ ಮೊದಲು ರೆಬೆಕ್ಕಳನ್ನೇ ಕರೆದು ಕೇಳಿದರು. ಅವಳು ತನ್ನ ಬಾಯಿಂದ ಹೋಗುತ್ತೇನೆ ಎಂದ ಮೇಲೆಯೇ ಹೊರಟಳು. ಹಿರಿಯರು ಕೂಡಿಸಿದ ಮದುವೆಗೂ ಇದೇ ದಾರಿ.

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಐದಾರು ದಿನ ಕಾಯದೆ ಯಾರೂ ಗೂಡು ಬಿಡಿಸುವುದಿಲ್ಲ. ಸಾಲಗಾರ ಬಾಗಿಲಿಗೆ ಬಂದು ನಿಂತರೂ ಕಾಯುತ್ತಾರೆ, ಏಕೆಂದರೆ ಅವಸರ ಮಾಡಿದರೆ ಗೂಡು ಕೆಡುತ್ತದೆ ಎಂದು ಗೊತ್ತು. ಹುಳುವಿಗೆ ಕೊಡುವ ದಿನಗಳನ್ನು ಹೆತ್ತ ಮಗಳ ಮನಸ್ಸಿಗೆ ಕೊಡಬಾರದೆ?

ಆದ್ದರಿಂದ ತಂದೆತಾಯಿಗಳೇ, ಛತ್ರ ಗೊತ್ತು ಮಾಡುವ ಮೊದಲು ಮಗಳನ್ನು, ಹಾಗೆಯೇ ಮಗನನ್ನೂ, ಒಬ್ಬರೇ ಇರುವಾಗ ಕೂರಿಸಿಕೊಂಡು ಕೇಳಿ. ‘ಬೇಡ’ ಎಂದರೂ ಈ ಮನೆಯಲ್ಲಿ ನಿನಗೆ ಅನ್ನವಿದೆ, ಪ್ರೀತಿಯಿದೆ ಎಂದು ಮೊದಲೇ ಹೇಳಿ ಕೇಳಿ. ‘ಬೇಡ’ ಎನ್ನಲು ಆಗದವರ ‘ಹೂಂ’ಗೆ ಬೆಲೆಯಿಲ್ಲ. ಯುವಕರೇ, ಪ್ರೀತಿಸಿದವಳ ಪರವಾಗಿ ನೀವೊಬ್ಬರೇ ದೊಡ್ಡ ಮನಸ್ಸು ಮಾಡಬೇಡಿ. ಅವಳ ತಂದೆಯ ಮುಂದೆ ಅವಳ ಜೊತೆಯಲ್ಲೇ ನಿಂತು ಮರ್ಯಾದೆಯಿಂದ ಮಾತಾಡಿ. ಮದುವೆಗೆ ಮುಂಚೆ ಗುರುಗಳು ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ನಿನ್ನ ಸ್ವಂತ ಇಚ್ಛೆಯಿಂದ ಬಂದಿದ್ದೀಯಾ ಎಂದು ಕೇಳುತ್ತಾರೆ. ಅದು ಬರೀ ಕಾಗದ ತುಂಬುವ ಕೆಲಸವಲ್ಲ. ಆ ಕೋಣೆಯಲ್ಲಿ ನಿಜ ಹೇಳಿ. ನಿಂತುಹೋದ ಮದುವೆಯ ಅವಮಾನ ಕೆಲವು ತಿಂಗಳು. ಒಲ್ಲದ ಮದುವೆಯ ನೋವು ಇಬ್ಬರ ಆಯುಷ್ಯವಿಡೀ.

ನಜರೇತಿನ ಒಬ್ಬ ಬಡ ಕನ್ಯೆಯ ಬಳಿಗೆ ದೇವದೂತ ಗಬ್ರಿಯೇಲ್ ಬಂದರು. ಲೋಕದ ರಕ್ಷಣೆಯೇ ಆ ಮಾತಿನ ಮೇಲೆ ನಿಂತಿತ್ತು. ಆದರೂ ಅವಳು ಪ್ರಶ್ನೆ ಕೇಳಿದಳು, ಉತ್ತರ ಪಡೆದಳು, ಆಮೇಲೆ ತಾನಾಗಿ ಒಪ್ಪಿದಳು. ಸರ್ವಶಕ್ತರಾದ ದೇವರೇ ಒಬ್ಬ ಹುಡುಗಿಯ ಒಪ್ಪಿಗೆಗಾಗಿ ಕಾದರು. ನಾವೂ ಕಾಯಲು ಕಲಿಯೋಣ.