ಬಾಣಂತನದ ಋಣ ಯಾರ ಲೆಕ್ಕಕ್ಕೆ?

"ನಾವೇನ್ ಧರ್ಮಛತ್ರ ನಡಸಾಕತ್ತೇವೇನ್ರಿ ಅಕ್ಕೋರ?" ಎಂದರು ಶಿಗ್ಗಾಂವಿಯ ಖಾಸಗಿ ಶಾಲೆಯೊಂದರ ಅಧ್ಯಕ್ಷರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಪರವಾಗಿ, ಅವಳ ಹೆರಿಗೆ ರಜೆಯ ಸಂಬಳದ ಬಗ್ಗೆ ಮಾತಾಡಲು ಹೋಗಿದ್ದೆ. ಸವಣೂರಿನಲ್ಲಿ ಮೂರ್ನಾಲ್ಕು ವರ್ಷ ಪಾಠ ಹೇಳಿದವಳು, ಗಂಡನ ಮನೆ ಶಿಗ್ಗಾಂವಿಯಾದ್ದರಿಂದ ಜೂನ್‌ನಲ್ಲಿ ಈ ಶಾಲೆಗೆ ಸೇರಿದ್ದಳು. ಹೆರಿಗೆಗೆ ಡಾಕ್ಟರು ಕೊಟ್ಟ ತಾರೀಖು ಆಗಸ್ಟ್ ಮೊದಲ ವಾರ. "ಆಕಿ ವರ್ಷಾನಗಟ್ಲೆ ದುಡದದ್ದು ಸವಣೂರಾಗ. ಅವ್ರ ಕೊಡ್ಲಿ." ಸವಣೂರಿನವರು ಏನು ಹೇಳಿದರು ಎಂಬುದನ್ನು ಓದುಗರೇ ಊಹಿಸಬಲ್ಲರು.

ಕಾನೂನಿನ ಪ್ರಕಾರ ಅಧ್ಯಕ್ಷರು ತಾವು ಕೊಡಲ್ಲ ಎಂದದ್ದು ಸರಿ. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿಯಾದ ಮೇಲೆ, ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಆದರೆ ಹೆರಿಗೆಯ ನಿರೀಕ್ಷಿತ ತಾರೀಖಿನ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು, ಅದೂ ಯಾರ ಹತ್ತಿರ ಹಣ ಕೇಳುತ್ತಾಳೋ ಅದೇ ಮಾಲೀಕರ ಕೈಕೆಳಗೆ. 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ಈ ರಜೆ, ಈ ಷರತ್ತು ಎರಡೂ ಹಾಗೆಯೇ ಬಂದಿವೆ. ಹೆತ್ತ ಮೇಲೆ ಆರು ವಾರ ಅವಳನ್ನು ಕೆಲಸಕ್ಕೆ ಹಚ್ಚಬಾರದು ಎನ್ನುವುದೂ ಇದೇ ಕಾನೂನು. ಅಂದರೆ 80 ದಿನ ತುಂಬದವಳಿಗೆ ಅದು ಹೇಳುವುದಿಷ್ಟು: ದುಡಿಯಬೇಡ, ಉಣ್ಣುವುದು ನಿನ್ನ ಪಾಡು.

ಸರಕಾರಿ ಶಾಲೆಯ ಅಕ್ಕೋರಾಗಿದ್ದ ನನಗೆ ಈ ಪ್ರಶ್ನೆ ಎಂದೂ ಎದುರಾಗಲಿಲ್ಲ. ಹಾನಗಲ್ಲಿನಿಂದ ಹಿರೇಕೆರೂರಿಗೆ ವರ್ಗವಾದಾಗ ನನ್ನ ಸೇವಾ ಪುಸ್ತಕ ನನ್ನ ಬೆನ್ನಿಗೇ ಬಂತು. ಊರು ಬೇರೆಯಾದರೂ ಸಂಬಳ ಕೊಡುವ ಸರಕಾರ ಒಂದೇ. ಇವತ್ತು ಸರಕಾರಿ ಶಿಕ್ಷಕಿಗೆ 180 ದಿನ ರಜೆಯಿದೆ. ಶಾಲೆ ಬದಲಾದರೆ ಅದರಲ್ಲಿ ಒಂದು ದಿನವೂ ಕಡಿಮೆಯಾಗದು. ನಾನು ಹೊತ್ತ ಬಸಿರಿಗೂ ಆ ಹುಡುಗಿಯ ಬಸಿರಿಗೂ ಏನು ಭೇದ?

ಅಧ್ಯಕ್ಷರು ಧರ್ಮದ ಹೆಸರೆತ್ತಿದ್ದರಿಂದ ಧರ್ಮದ ಕಡೆಯಿಂದಲೇ ನೋಡುತ್ತೇನೆ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆಂಬ ವಿಚಾರ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ದೇವಋಣ ಯಜ್ಞದಿಂದ ತೀರುತ್ತದೆ, ಋಷಿಋಣ ವಿದ್ಯೆಯಿಂದ, ಪಿತೃಋಣ ಸಂತಾನದಿಂದ. ಬಸುರಿ ಅಕ್ಕೋರು ಕರಿಹಲಗೆಯ ಮುಂದೆ ನಿಂತಾಗ ಈ ಮೂರರಲ್ಲಿ ಎರಡನ್ನು ಒಟ್ಟಿಗೇ ತೀರಿಸುತ್ತಿರುತ್ತಾಳೆ. ಸಂಹಿತೆ ಆ ಸಾಲವನ್ನು ಗಂಡಸಿನ ಹೆಸರಿಗೆ ಬರೆದಿದೆ. ತೀರಿಸುವ ನೋವು ಹೆಂಗಸಿನದು. ಅವಳಿಗೆ ಸಲ್ಲಬೇಕಾದದ್ದು ಏನೆಂದು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಅದು ನನಗೆ ಸಿಕ್ಕಿದ್ದು ಬೇರೆ ಕಡೆ, ಕುರಾನಿನಲ್ಲಿ. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಷರೀಫರು (1819–1889) ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ಗೋವಿಂದ ಭಟ್ಟರ ಶಿಷ್ಯರು. ಹಿಂದೂ, ಮುಸ್ಲಿಂ ಎರಡೂ ಧರ್ಮದ ಗ್ರಂಥ ತೆರೆದು ನೋಡುವುದು ಈ ಸೀಮೆಗೆ ಹೊಸದಲ್ಲ. ಕುರಾನಿನ 65ನೇ ಅಧ್ಯಾಯ ತಲಾಖಿನ ಕುರಿತದ್ದು. ಅದರ 6ನೇ ವಚನ, ತಲಾಖ್ ಕೊಟ್ಟ ಹೆಂಡತಿ ನಿಮ್ಮ ಮಗುವಿಗೆ ಹಾಲೂಡಿಸಿದರೆ ಅವಳಿಗೆ ಅದರ ಕೂಲಿ ಕೊಡಿ ಎಂದು ಹೇಳುತ್ತದೆ. ಗಂಡಹೆಂಡಿರ ನಂಟು ಹರಿದ ಮೇಲೂ ತಾಯ್ತನದ ಕೂಲಿ ಉಳಿಯುತ್ತದೆ ಎಂದಾದರೆ, ಬರೀ ನೌಕರಿಯ ನಂಟು ಹರಿದಾಗ ಅದು ಹೇಗೆ ಅಳಿದೀತು?

ನಮ್ಮ ನ್ಯಾಯಾಲಯ ಇದರ ಅರ್ಧ ದಾರಿ ನಡೆದಿದೆ. ದಿಲ್ಲಿಯ ಗುತ್ತಿಗೆ ವೈದ್ಯೆ ಡಾ. ಕವಿತಾ ಯಾದವ್ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಕರಾರು ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕೆಂದಿತು. ಆಕೆ 80 ದಿನದ ಗೆರೆ ದಾಟಿದ್ದರು. ಗೆರೆಯ ಈಚೆ ನಿಂತವರಿಗೆ ಆ ತೀರ್ಪಿನ ನೆರಳು ಸಿಗದು.

ಇಲ್ಲಿ ಶರಣರ ಹೆಸರಿನಲ್ಲಿ ಒಂದು ಆಕ್ಷೇಪ ಬರುತ್ತದೆ, ಅಧ್ಯಕ್ಷರೂ ಅದನ್ನೇ ಎತ್ತಿದರು. ಆಯ್ದಕ್ಕಿ ಲಕ್ಕಮ್ಮ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಹಾಕಿಸಿದಳಲ್ಲ, ದುಡಿಯದ್ದನ್ನು ಕೇಳುವುದು ಕಾಯಕ ತತ್ವಕ್ಕೆ ಹೊಂದುತ್ತದೆಯೇ? ಲಕ್ಕಮ್ಮ ಬೇಡವೆಂದದ್ದು ಆ ದಿನದ ಅಗತ್ಯಕ್ಕಿಂತ ಹೆಚ್ಚಾದದ್ದನ್ನು. ಬಾಣಂತಿಯ ಅಗತ್ಯಕ್ಕಿಂತ ಹೆಚ್ಚಿನದನ್ನು ಇಲ್ಲಿ ಯಾರು ಕೇಳಿದರು? ಕೊನೆಗೆ ಅಧ್ಯಕ್ಷರು "ಸಹಾಯ" ಎಂದು ಒಂದಿಷ್ಟು ದುಡ್ಡು ಕೊಟ್ಟರು. ಹುಡುಗಿ ಕೈಮುಗಿದು ತೆಗೆದುಕೊಂಡಳು. ತೆಗೆದುಕೊಳ್ಳದೆ ಏನು ಮಾಡುತ್ತಾಳೆ? ಆ ಕೈಮುಗಿತವನ್ನೇ ನನಗೆ ಇವತ್ತಿಗೂ ಸಹಿಸಲಾಗದು. ಸಂಬಳಕ್ಕೆ ಯಾರೂ ಕೈಮುಗಿಯುವುದಿಲ್ಲ.

ಹಾಗಂತ ಅಧ್ಯಕ್ಷರ ಅಂಜಿಕೆ ಸುಳ್ಳಲ್ಲ. ತಿಂಗಳಿಗೆ 12,000 ರೂಪಾಯಿ ಪಗಾರದ ಅಕ್ಕೋರಿಗೆ 26 ವಾರವೆಂದರೆ ಸುಮಾರು 72,000. ನಿನ್ನೆ ಮೊನ್ನೆ ಬಂದವಳಿಗೆ ಸಣ್ಣ ಶಾಲೆಯೊಂದೇ ಅಷ್ಟನ್ನು ಹೊರಬೇಕೆಂದರೆ, ಮುಂದಿನ ಸಲ ಮದುವೆಯಾದ ಹುಡುಗಿಯನ್ನು ಸಂದರ್ಶನದಲ್ಲೇ ಸಾಗಹಾಕುತ್ತಾರೆ. ಹುಟ್ಟುವ ಕೂಸು ಶಿಗ್ಗಾಂವಿಯ ಶಾಲೆಯದೂ ಅಲ್ಲ, ಸವಣೂರಿನ ಶಾಲೆಯದೂ ಅಲ್ಲ. ಆ ಋಣ ಸಮಾಜದ್ದು, ಅದನ್ನು ಒಬ್ಬ ಮಾಲೀಕನ ತಲೆಗೆ ಕಟ್ಟಿದ್ದೇ ಕಾನೂನಿನ ದೋಷ.

ಎಲ್ಲರೂ ಸೇರಿ ಹೊರುವ ದಾರಿಯನ್ನು ಸರಕಾರವೇ ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ಮಾಡಿಟ್ಟಿದೆ. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಶಾಲೆ ಶೇ. 3.25, ನೌಕರರು ಶೇ. 0.75 ವಂತಿಗೆ ಕಟ್ಟುತ್ತಾರೆ. 12,000ಕ್ಕೆ ಶಾಲೆಯ ಪಾಲು 390 ರೂಪಾಯಿ, ಅಕ್ಕೋರದು 90. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ 70 ದಿನದ ವಂತಿಗೆ ಇದ್ದರೆ 26 ವಾರದ ಹಣವನ್ನು ಇಎಸ್‌ಐ ನಿಗಮವೇ ಕೊಡುತ್ತದೆ. ವಿಮಾ ಸಂಖ್ಯೆ ಶಾಲೆಯದಲ್ಲ, ಅವಳದು. ಸವಣೂರಿನಲ್ಲಿ ಕಟ್ಟಿದ್ದು ಶಿಗ್ಗಾಂವಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ನಾನು ಕಂಡ ಖಾಸಗಿ ಶಾಲೆಗಳಲ್ಲಿ ಹೆಚ್ಚಿನವು ಈ ವಂತಿಗೆಯ ಗೋಜಿಗೇ ಹೋಗಿಲ್ಲ.

ಆಡಳಿತ ಮಂಡಳಿಯಲ್ಲಿ ಕೂತವರಿಗೆ ನನ್ನ ವಿನಂತಿ: ದಾಸೋಹದ ಅಕ್ಕಿಗಿಂತ ಮೊದಲು ಈ 390 ರೂಪಾಯಿ ಕಟ್ಟಿರಿ. ಶಾಲೆ ಬದಲಿಸಲಿರುವ ಅಕ್ಕೋರುಗಳೇ, ರಾಜೀನಾಮೆ ಬರೆಯುವ ಮುನ್ನ ಕ್ಯಾಲೆಂಡರ್ ಮುಂದಿಟ್ಟುಕೊಂಡು 80 ದಿನ ಎಣಿಸಿರಿ, ನೇಮಕದ ಮತ್ತು ಬಿಡುಗಡೆಯ ಪತ್ರ ಎರಡನ್ನೂ ತಾರೀಖು ಹಾಕಿಸಿಯೇ ಪಡೆಯಿರಿ, ಹೊಸ ಶಾಲೆಯಲ್ಲಿ ಪಗಾರ ಎಷ್ಟು ಎಂದು ಕೇಳುವಾಗಲೇ ಇಎಸ್‌ಐ ಇದೆಯೇ ಎಂದೂ ಕೇಳಿರಿ.